ಹೆಬ್ಬೆಟ್ಟನ್ನು ಒಪ್ಪದ ಪೆಟ್ಟಿಗೆ

ಓದುಬರಹ ಬಾರದವರನ್ನು ‘ಹೆಬ್ಬೆಟ್ಟಿನವರು’ ಎಂದು ಹಗುರವಾಗಿ ಕರೆಯುವ ವಾಡಿಕೆಯು ನಮ್ಮಲ್ಲಿ ಬಹುಕಾಲದಿಂದಲೂ ಉಂಟು. ಸಾಲಪತ್ರಕ್ಕೆ ರುಜು ಹಾಕಲಾರದವನು ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿ ಕಾಗದದ ಮೇಲೆ ಒತ್ತುವನು. ಅದರ ಪಕ್ಕದಲ್ಲಿ ಶಾನುಭೋಗರು ಇದು ಇಂಥವನ ಎಡಗೈ ಹೆಬ್ಬೆಟ್ಟಿನ ಗುರುತೆಂದು ಬರೆಯುವರು. ಈಗ ಕಾಲಚಕ್ರವು ಒಂದು ಸುತ್ತು ತಿರುಗಿ ಬಂದಂತಿದೆ. ಎರಡು ಮೂರು ಪದವಿಗಳನ್ನು ಪಡೆದವರೂ ಬೆಳಗಾದರೆ ಫೋನಿನ ಮೇಲೆ ಹೆಬ್ಬೆಟ್ಟನ್ನೊತ್ತದೆ ಯಾವ ಕೆಲಸವನ್ನೂ ಆರಂಭಿಸಲಾರರು.

ಬೆರಳಿನ ಗೆರೆಗಳಿಂದ ಮನುಷ್ಯನನ್ನು ಗುರುತಿಸುವ ವಿದ್ಯೆಗೂ ನಮ್ಮ ದೇಶಕ್ಕೂ ಹಳೆಯ ನಂಟು. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿಯು ರಸ್ತೆಗೆ ಜಲ್ಲಿಯನ್ನೊದಗಿಸುವ ಕರಾರಿನ ಮೇಲೆ ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನ ಅಂಗೈಯ ಅಚ್ಚನ್ನು ತೆಗೆದುಕೊಂಡನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಸ್ಥಾಪಿತವಾಯಿತು. ಅಚ್ಚುಗಳನ್ನು ವರ್ಗಗಳಾಗಿ ವಿಂಗಡಿಸುವ ಕ್ರಮವನ್ನು ರೂಪಿಸುವುದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ಬಹಳವಾಗಿ ದುಡಿದರು. ಆದರೆ ಆ ಕ್ರಮಕ್ಕೆ ಹೆಸರು ಬಂದುದು ಅವರ ಮೇಲಧಿಕಾರಿಯಾದ ಹೆನ್ರಿಯದು. ಅದಿರಲಿ. ಇಂದು ನಾವು ಬರೆಯಹೊರಟಿರುವುದು ಅದೇ ಹೆಬ್ಬೆಟ್ಟು ನಮ್ಮ ನಂಟರ ಮನೆಯೊಂದರಲ್ಲಿ ಒಂದು ದಿನ ಕೈಕೊಟ್ಟ ಸಂಗತಿಯನ್ನು.

ಈಗಿನ ಸಂಸಾರವೊಂದಕ್ಕೆ ಎಷ್ಟು ಪಾಸ್‌ವರ್ಡುಗಳು ಬೇಕೆಂಬುದನ್ನು ವಾಚಕರೇ ಎಣಿಸಿ ನೋಡಬಹುದು. ಬ್ಯಾಂಕಿನದು, ಪಿಂಚಣಿಯದು, ವಿದ್ಯುತ್ತಿನ ಬಿಲ್ಲಿನದು, ಗ್ಯಾಸಿನದು, ವಿಮೆಯದು, ಮಕ್ಕಳ ಶಾಲೆಯದು, ರೈಲಿನ ಟಿಕೇಟಿನದು, ಹೀಗೆ ಮೂವತ್ತು ನಲವತ್ತಕ್ಕೆ ಕಡಮೆಯಿಲ್ಲ. ಎಲ್ಲಕ್ಕೂ ಒಂದೇ ಪಾಸ್‌ವರ್ಡನ್ನಿಟ್ಟರೆ ಒಂದು ಕಡೆ ಕಳುವಾದಾಗ ಎಲ್ಲ ಕಡೆಯೂ ಕಳುವಾದಂತೆ. ಬೇರೆ ಬೇರೆ ಇಟ್ಟರೆ ನೆನಪಿನಲ್ಲಿ ನಿಲ್ಲದು. ಇದಕ್ಕಾಗಿಯೇ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆ್ಯಪ್‌ಗಳು ಹುಟ್ಟಿಕೊಂಡಿವೆ. ಎಲ್ಲ ಪಾಸ್‌ವರ್ಡುಗಳನ್ನೂ ಒಂದು ಪೆಟ್ಟಿಗೆಯಲ್ಲಿ ಹಾಕಿ, ಆ ಪೆಟ್ಟಿಗೆಗೆ ಒಂದು ದೊಡ್ಡ ಬೀಗವನ್ನು ಹಾಕುವುದೇ ಇವುಗಳ ಕೆಲಸ. ಆ ದೊಡ್ಡ ಬೀಗದ ಕೈಗೆ ಮಾಸ್ಟರ್ ಪಾಸ್‌ವರ್ಡ್ ಎಂದು ಹೆಸರು. ನಾವು ಇಲ್ಲಿ ಅದನ್ನು ಹಿರಿಯ ಪಾಸ್‌ವರ್ಡ್ ಎಂದೇ ಕರೆಯುವೆವು. ಅದು ಉದ್ದವಾಗಿರಬೇಕಾದುದರಿಂದ ದಿನಕ್ಕೆ ಹತ್ತು ಸಲ ಬರೆಯುವುದು ಬೇಸರ. ಆ ಬೇಸರವನ್ನು ತಪ್ಪಿಸುವ ಸಲುವಾಗಿ ಬೆರಳಿಟ್ಟರೆ ತೆರೆಯುವ ಅನುಕೂಲವನ್ನು ಮಾಡಿರುವರು.

ನಮ್ಮ ಸೋದರಮಾವನವರು ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿರುವರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ವಯಸ್ಸು 76. ಮಗನು ಪುಣೆಯಲ್ಲಿರುವನು. ಎರಡು ವರ್ಷಗಳ ಹಿಂದೆ ಅವನು ರಜಕ್ಕೆ ಬಂದಾಗ ತಂದೆಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಇಂಥದೊಂದು ಪೆಟ್ಟಿಗೆಯನ್ನು ಫೋನಿನಲ್ಲಿ ಮಾಡಿಸಿಕೊಟ್ಟನು. ಹಿರಿಯ ಪಾಸ್‌ವರ್ಡನ್ನು ಮಾವನವರೇ ಆರಿಸಿ ಬರೆದರು. ಮಗನು ಮುಖ ತಿರುಗಿಸಿಕೊಂಡಿದ್ದನಂತೆ. ಅಂದಿನಿಂದ ಮಾವನವರು ಬೆರಳಿಟ್ಟು ಪೆಟ್ಟಿಗೆ ತೆರೆಯುತ್ತ ಸುಖವಾಗಿದ್ದರು.

ಕಳೆದ ವರ್ಷ ಅವರಿಗೆ ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಗೊತ್ತಾಯಿತು. ಸೋಮವಾರ ಶಿವಮೊಗ್ಗೆಗೆ ಹೋಗಬೇಕು. ಕಣ್ಣಿಗೆ ಪಟ್ಟಿ ಕಟ್ಟಿರುವಾಗ ಫೋನನ್ನು ತೆರೆಯುವವರು ಯಾರೆಂದು ಯೋಚಿಸಿ, ಗುರುವಾರ ಸಂಜೆ ಅತ್ತೆಯವರ ಹೆಬ್ಬೆರಳನ್ನೂ ಫೋನಿಗೆ ಪರಿಚಯ ಮಾಡಿಸಿದರು. ಮುಂದಾಲೋಚನೆಯ ಕೆಲಸವೇ ಸರಿ. ಮಾರನೆಯ ಬೆಳಗ್ಗೆ ವಿಮೆಯ ಕಾಗದಗಳನ್ನು ನೋಡಬೇಕೆಂದು ಪೆಟ್ಟಿಗೆಯ ಮೇಲೆ ತಮ್ಮ ಬೆರಳಿಟ್ಟರೆ ಅದು ತೆರೆಯಲಿಲ್ಲ. ಬೆರಳಚ್ಚಿನ ವ್ಯವಸ್ಥೆ ಬದಲಾಗಿದೆ, ಹಿರಿಯ ಪಾಸ್‌ವರ್ಡನ್ನು ಕೊಡಿರಿ, ಎಂದು ತೆರೆಯ ಮೇಲೆ ಬರಹ ಮೂಡಿತು.

ಆ ಹೊತ್ತಿಗೆ ನಮಗೆ ಫೋನು ಬಂದಿತು.

“ಏನು ಮಾರಾಯ, ನಿನ್ನೆಯವರೆಗೆ ನನ್ನನ್ನು ಗುರುತಿಸುತ್ತಿದ್ದ ಪೆಟ್ಟಿಗೆ ಇವತ್ತು ನೀನು ಯಾರು ಎಂದು ಕೇಳುತ್ತದೆ. ನನ್ನ ಬೆರಳೇನು ರಾತ್ರೋರಾತ್ರಿ ಬದಲಾಯಿತೆ?”

“ಮಾವ, ಆ ಹಿರಿಯ ಪಾಸ್‌ವರ್ಡನ್ನು ಎಲ್ಲಿಯಾದರೂ ಬರೆದಿಟ್ಟಿದ್ದೀರಾ?”

“ಬರೆದಿಡಬಾರದು ಎಂದು ಮಗನೇ ಹೇಳಿದ್ದ. ಎರಡು ವರ್ಷದಿಂದ ಬೆರಳಿಟ್ಟೇ ಅಭ್ಯಾಸ. ಪೂರ್ತಿ ಮರೆತಿದೆ. ಪೇಟೆಯಲ್ಲಿ ಫೋನಂಗಡಿಯ ಹುಡುಗನೊಬ್ಬ, ಆ್ಯಪನ್ನು ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾನೆ.”

ದಯವಿಟ್ಟು ಏನನ್ನೂ ತೆಗೆಯಬೇಡಿರಿ, ಯಾರ ಕೈಗೂ ಕೊಡಬೇಡಿರಿ, ನಾವು ಬರುವವರೆಗೆ ಹಾಗೆಯೇ ಇರಲಿ, ಎಂದು ಹೇಳಿ ರಾತ್ರಿಯ ಬಸ್ಸನ್ನು ಹತ್ತಿದೆವು.

ಇಲ್ಲಿ ಒಳಗಿನ ಏರ್ಪಾಡು ಹೇಗಿರುವುದೆಂಬುದನ್ನು ಸ್ವಲ್ಪ ವಿವರಿಸದಿದ್ದರೆ ಮುಂದಿನ ಸಂಗತಿ ತಿಳಿಯದು. ಬೆರಳೇ ಬೀಗದ ಕೈಯೆಂದು ಬಹುಮಂದಿ ಭಾವಿಸಿರುವರು. ಅದು ಸರಿಯಲ್ಲ. ಹಿಂದಿನ ದೊಡ್ಡ ಮನೆತನಗಳಲ್ಲಿ ಉಗ್ರಾಣಕ್ಕೆ ಒಬ್ಬ ಭಂಡಾರಿಯಿರುತ್ತಿದ್ದನಷ್ಟೆ? ಯಜಮಾನನು ತಿಜೋರಿಯ ಕೈಯ ನಕಲೊಂದನ್ನು ಚಿಕ್ಕ ಕರಡಿಗೆಯಲ್ಲಿಟ್ಟು ಅವನ ವಶಕ್ಕೆ ಕೊಡುವನು. ಕರಡಿಗೆಯ ಕೈ ಭಂಡಾರಿಯ ಸೊಂಟದಲ್ಲಿ. ಯಜಮಾನನು ಎದುರಿಗೆ ಬಂದು ನಿಂತಾಗ ಗುರುತು ನೋಡಿ ಕರಡಿಗೆಯನ್ನು ತೆರೆದು ತಿಜೋರಿಯ ಕೈಯನ್ನು ಕೊಡುವುದು ಅವನ ಕೆಲಸ. ತನ್ನ ಸೊಂಟದ ಕೈಯನ್ನು ಮಾತ್ರ ಅವನು ಯಜಮಾನನಿಗೂ ಕೊಡನು. ಫೋನಿನೊಳಗೆ ಇಂತಹ ಭಂಡಾರಿಯೊಬ್ಬನಿರುವನು. ಅವನು ಒಂದು ಪ್ರತ್ಯೇಕ ಚಿಪ್ಪು, ಅಥವಾ ಮುಖ್ಯ ಚಿಪ್ಪಿನೊಳಗೇ ಗೋಡೆ ಹಾಕಿ ಬೇರೆ ಮಾಡಿದ ಒಂದು ಕೋಣೆ. ಫೋನಿನ ಉಳಿದ ಆ್ಯಪ್‌ಗಳಾಗಲಿ, ಫೋನನ್ನು ನಡೆಸುವ ಮುಖ್ಯ ತಂತ್ರಾಂಶವೇ ಆಗಲಿ ಆ ಕೋಣೆಯೊಳಕ್ಕೆ ಇಣುಕಲಾರವು.

ಪೆಟ್ಟಿಗೆಯ ನಿಜವಾದ ಕೈ ಹಿರಿಯ ಪಾಸ್‌ವರ್ಡು. ಬೆರಳಿನ ಅನುಕೂಲವನ್ನು ನಾವು ಆರಿಸಿಕೊಂಡ ದಿನ ಆ್ಯಪು ಪೆಟ್ಟಿಗೆಯ ಕೈಗೆ ಒಂದು ನಕಲನ್ನು ಮಾಡಿ ಭಂಡಾರಿಯ ಕರಡಿಗೆಯಲ್ಲಿಡುವುದು. ಬೆರಳಿಟ್ಟಾಗ ಭಂಡಾರಿಯು ಗೆರೆಗಳನ್ನು ಹೋಲಿಸಿ, ಒಪ್ಪಿದರೆ ಕರಡಿಗೆಯನ್ನು ತೆರೆಯುವನು. ಹೀಗಾಗಿ ಬೆರಳು ಗುರುತೇ ಹೊರತು ಕೈಯಲ್ಲ. ಆಪಲ್ ಕಂಪೆನಿಯವರು 2013ರಲ್ಲಿ ತಮ್ಮ ಐಫೋನ್ 5ಎಸ್ ಎಂಬ ಫೋನಿನಲ್ಲಿ ಬೆರಳಿನ ಗುರುತನ್ನೂ ಸೆಕ್ಯೂರ್ ಎನ್‌ಕ್ಲೇವ್ ಎಂಬ ಭಂಡಾರಿಯನ್ನೂ ಒಟ್ಟಿಗೇ ತಂದರು. ಆಂಡ್ರಾಯ್ಡ್ ಫೋನುಗಳಲ್ಲಿ ಬೆರಳಚ್ಚಿಗೆ ಎಲ್ಲ ಆ್ಯಪ್‌ಗಳಿಗೂ ಸಮಾನವಾದ ವ್ಯವಸ್ಥೆಯು 2015ರಲ್ಲಿ ಬಂದಿತು. ಸ್ಟ್ರಾಂಗ್‌ಬಾಕ್ಸ್ ಎಂಬ ಇನ್ನೂ ಗಟ್ಟಿಯಾದ ಏರ್ಪಾಡು 2018ರಲ್ಲಿ ಸೇರಿತು. ವಿಂಡೋಸ್ ಕಂಪ್ಯೂಟರುಗಳಲ್ಲಿ ಈ ಕೆಲಸವನ್ನು ಟಿ.ಪಿ.ಎಂ. ಎಂಬ ಚಿಪ್ಪು ಮಾಡುವುದು. 2021ರಲ್ಲಿ ಬಂದ ವಿಂಡೋಸ್ 11 ಆ ಚಿಪ್ಪಿನ ಎರಡನೆಯ ಆವೃತ್ತಿಯಿದ್ದೇ ತೀರಬೇಕೆಂದು ಕೇಳುವುದು.

ಆಧಾರಿಗೆ ಕೊಟ್ಟ ಬೆರಳಚ್ಚಿನಂತೆ ಇದೂ ಎಲ್ಲಿಗೋ ಹೋಗಿ ಸೇರುವುದೇ ಎಂದು ಅತ್ತೆಯವರು ನಮ್ಮನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಆಧಾರಿನದು ಸರಕಾರದ ಕೇಂದ್ರ ಭಂಡಾರಕ್ಕೆ ಹೋಗುವುದು. ಫೋನಿನದು ಫೋನಿನ ಚಿಪ್ಪನ್ನು ಬಿಟ್ಟು ಹೊರಡುವುದಿಲ್ಲ. ಪಾಸ್‌ವರ್ಡ್ ಆ್ಯಪಿಗೂ ನಿಮ್ಮ ಗೆರೆಗಳು ಕಾಣವು. ‘ಇವರೇ ಹೌದು’ ಎಂಬ ಭಂಡಾರಿಯ ಒಪ್ಪಿಗೆಯಷ್ಟೇ ಅದಕ್ಕೆ ದೊರೆಯುವುದು.

ಮಾವನವರ ಬೆರಳನ್ನು ಪೆಟ್ಟಿಗೆ ಏಕೆ ತಿರಸ್ಕರಿಸಿತು? ಅವರ ಬೆರಳಿನಲ್ಲಿ ದೋಷವಿರಲಿಲ್ಲ. ಅತ್ತೆಯವರ ಬೆರಳು ಸೇರಿದುದೇ ಕಾರಣ. ಫೋನಿಗೆ ಪರಿಚಯವಾದ ಎಲ್ಲ ಬೆರಳುಗಳೂ ಭಂಡಾರಿಯ ಕಣ್ಣಿಗೆ ಸಮಾನ. ಇದು ಯಜಮಾನನದು, ಇದು ಮೊಮ್ಮಗನದು ಎಂಬ ಭೇದವನ್ನು ಅವನರಿಯನು. ನಿಮ್ಮ ಫೋನಿನ ಪಿನ್ ತಿಳಿದ ಕಳ್ಳನೊಬ್ಬನು ತನ್ನ ಬೆರಳನ್ನೂ ಅದರಲ್ಲಿ ಸೇರಿಸಿದನೆನ್ನಿರಿ. ಆ ಕ್ಷಣದಿಂದ ನಿಮ್ಮ ಪೆಟ್ಟಿಗೆಯೂ ಅವನದಾಗಬೇಕಾಗಿತ್ತು. ಇದನ್ನು ತಡೆಯುವುದಕ್ಕಾಗಿ ಆಂಡ್ರಾಯ್ಡಿನವರು ಒಂದು ಕಟ್ಟುಪಾಡು ಮಾಡಿರುವರು. ಬೆರಳಿಗೆ ಕಟ್ಟಿದ ಕರಡಿಗೆಯಿರುವಾಗ ಹೊಸ ಬೆರಳೊಂದು ಸೇರಿದರೆ, ಅಥವಾ ಇದ್ದ ಬೆರಳುಗಳೆಲ್ಲವೂ ತೆಗೆದುಹಾಕಲ್ಪಟ್ಟರೆ, ಆ್ಯಪು ಬೇರೆ ರೀತಿಯಾಗಿ ಕೇಳಿಕೊಂಡಿರದ ಹೊರತು, ಭಂಡಾರಿಯು ಆ ಕರಡಿಗೆಯ ಕೈಯನ್ನು ಶಾಶ್ವತವಾಗಿ ನಾಶಮಾಡುವನು. ತೆರೆಯ ಬೀಗವನ್ನೇ, ಅಂದರೆ ಪಿನ್ನನ್ನೇ, ತೆಗೆದುಹಾಕಿದರೂ ಇದೇ ಗತಿ. ಸೇರಿಸಿದ ಬೆರಳನ್ನು ಮತ್ತೆ ಅಳಿಸಿದರೆ ಹಳೆಯ ಕೈ ಹಿಂದಿರುಗದು. ಆಪಲಿನಲ್ಲಿಯೂ ಆ್ಯಪ್ ಮಾಡುವವರು ಬಯಸಿದರೆ ಇಂತಹ ಏರ್ಪಾಡು ಮಾಡಿಕೊಳ್ಳಬಹುದು. ಆದುದರಿಂದ ಅಂದು ಕಂಡುದು ಕೆಟ್ಟುಹೋದ ಯಂತ್ರವಲ್ಲ. ತನ್ನ ಕೆಲಸವನ್ನು ಸರಿಯಾಗಿ ಮಾಡಿದ ಬೀಗ. ಇದನ್ನು ಕೇಳಿದಾಗ ಮಾವನವರಿಗೆ ಸಮಾಧಾನವೇನೂ ಆಗಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಗಮನಿಸಬೇಕಾದುದು ಇನ್ನೊಂದಿದೆ. ನಾಶವಾದುದು ಕರಡಿಗೆಯ ಕೈ ಮಾತ್ರ. ದೊಡ್ಡ ಪೆಟ್ಟಿಗೆಯೂ ಅದರೊಳಗಿನ ಸರಕೂ ಇದ್ದಂತೆಯೇ ಇರುವುವು. ಹಿರಿಯ ಪಾಸ್‌ವರ್ಡು ನೆನಪಿದ್ದವರಿಗೆ ಇದು ಒಂದು ನಿಮಿಷದ ಕೆಲಸ: ಅದನ್ನು ಬರೆದು ಒಳಹೊಕ್ಕು, ಆ್ಯಪಿನ ಸೆಟ್ಟಿಂಗ್ಸಿನಲ್ಲಿ ಬೆರಳಿನಿಂದ ತೆರೆಯುವ ಗುಂಡಿಯನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಿದರೆ ಭಂಡಾರಿಯು ಹೊಸ ಕರಡಿಗೆಯನ್ನು ಮಾಡುವನು.

ಎಲ್ಲ ತೊಂದರೆಗಳೂ ಈ ಒಂದೇ ಕಾರಣದಿಂದ ಬರುವುವೆಂದಲ್ಲ. ಪೆಟ್ಟಿಗೆಯು ಬೆರಳನ್ನು ಒಪ್ಪದಿದ್ದಾಗ ಮೊದಲು ನೋಡಬೇಕಾದುದು ಫೋನೇ ಬೆರಳಿಗೆ ತೆರೆಯುವುದೋ ಇಲ್ಲವೋ ಎಂಬುದನ್ನು. ಫೋನು ತೆರೆದು ಆ್ಯಪು ಮಾತ್ರ ತೆರೆಯದಿದ್ದರೆ ಮೇಲೆ ಹೇಳಿದಂತೆ ಕರಡಿಗೆಯ ಕೈ ಹೋಗಿರುವುದೆಂದು ಊಹಿಸಬಹುದು. ಫೋನೇ ತೆರೆಯದಿದ್ದರೆ ಆ್ಯಪನ್ನು ದೂರುವುದು ವ್ಯರ್ಥ. ಆರಿಸಿ ಹೊತ್ತಿಸಿದ ಫೋನು ಮೊದಲ ಸಲ ಪಿನ್ನನ್ನೇ ಕೇಳುವುದು, ಬೆರಳನ್ನು ಒಪ್ಪುವುದಿಲ್ಲ. ಐಫೋನನ್ನು 48 ಗಂಟೆಗಳ ಕಾಲ ತೆರೆಯದೆ ಇಟ್ಟಿದ್ದರೂ ಹಾಗೆಯೇ. ಆಂಡ್ರಾಯ್ಡಿನಲ್ಲಿ 72 ಗಂಟೆಗಳಿಗೊಮ್ಮೆಯಾದರೂ ಪಿನ್ನನ್ನು ಕೇಳುವ ನಿಯಮವುಂಟು. ಐದು ಸಲ ತಪ್ಪಿದರೆ ಐಫೋನು ಪಿನ್ನಿಗೆ ತಿರುಗುವುದು. ಆಂಡ್ರಾಯ್ಡು ಅರ್ಧ ನಿಮಿಷ ಬೆರಳನ್ನು ನೋಡಲೊಲ್ಲದು. ಕೋಪದಿಂದ ಒತ್ತುತ್ತಲೇ ಇದ್ದರೆ ಕೊನೆಗೆ ಪಿನ್ ಕೊಡುವವರೆಗೂ ಬೆರಳಿನ ದಾರಿ ಮುಚ್ಚಿಹೋಗುವುದು. ಇವೆಲ್ಲಕ್ಕೂ ಔಷಧವೊಂದೇ: ಪಿನ್ನಿನಿಂದ ಫೋನನ್ನು ಒಮ್ಮೆ ತೆರೆದು, ಆಮೇಲೆ ಪೆಟ್ಟಿಗೆಗೆ ಬೆರಳಿಡುವುದು.

ಬೆರಳುಗಳ ವಿಷಯವನ್ನು ಹೆಂಗಸರು ನಮಗಿಂತ ಚೆನ್ನಾಗಿ ಬಲ್ಲರು. ಪಾತ್ರೆ ತೊಳೆದು ನೆಂದ ಬೆರಳು, ಹುಣಸೆಯ ಹುಳಿ ತಗುಲಿದ ಬೆರಳು, ವೀಳೆಯಕ್ಕೆ ಸುಣ್ಣ ಹಚ್ಚಿದ ಬೆರಳು, ಇವನ್ನು ಫೋನು ಮೆಚ್ಚದು. ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಮಲೆನಾಡಿನ ಕೈಗಳ ಗೆರೆಗಳು ಸವೆದು ಕಂದಿಹೋಗುವುವು. ವಯಸ್ಸಾದಂತೆ ಚರ್ಮವು ಒಣಗಿ ತೆಳ್ಳಗಾಗುವುದೂ ಸಹಜ. ಕೈಯನ್ನು ತೊಳೆದು ಒರೆಸಿಕೊಂಡು, ಬೆರಳಿನ ತುದಿಯನ್ನಲ್ಲದೆ ಗೆರೆಗಳ ಸುಳಿಯಿರುವ ಭಾಗವನ್ನು ಇಡಬೇಕು. ಎರಡೂ ಕೈಗಳಿಂದ ಒಂದೊಂದು ಬೆರಳನ್ನು ಮೊದಲೇ ಪರಿಚಯ ಮಾಡಿಸಿದ್ದರೆ ಒಂದಕ್ಕೆ ಗಾಯವಾದಾಗ ಇನ್ನೊಂದು ನೆರವಾಗುವುದು.

ಗಾಜಿನ ಹೊದಿಕೆಯ ಮಾತೂ ಇಲ್ಲಿಗೇ ಸೇರುವುದು. ಬೆರಳನ್ನೋದುವ ಕಣ್ಣು ತೆರೆಯ ಕೆಳಗೇ ಇರುವ ಫೋನುಗಳಿಗೆ ದಪ್ಪನಾದ ಸ್ಕ್ರೀನ್ ಗಾರ್ಡನ್ನು ಅಂಟಿಸಿದರೆ ಗುರುತು ಸರಿಯಾಗಿ ಸಿಗದು. 2019ರ ಅಕ್ಟೋಬರಿನಲ್ಲಿ ಇದಕ್ಕೆ ವಿಪರೀತವಾದುದೂ ನಡೆಯಿತು. ಬ್ರಿಟನ್ನಿನ ಮಹಿಳೆಯೊಬ್ಬರು ತಮ್ಮ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ 10 ಫೋನಿಗೆ ಮೆತ್ತನೆಯ ಹೊದಿಕೆಯೊಂದನ್ನು ಹಾಕಿದ ಮೇಲೆ ಗಂಡನ ಬೆರಳಿಗೂ ಅದು ತೆರೆದುಕೊಂಡಿತು. ಹೊದಿಕೆಯ ಮೇಲಿನ ವಿನ್ಯಾಸವನ್ನೇ ಫೋನು ಬೆರಳೆಂದು ಭ್ರಮಿಸಿತ್ತು. ಕಂಪೆನಿಯವರು ತಂತ್ರಾಂಶವನ್ನು ತಿದ್ದಿ ಕಳುಹಿಸಬೇಕಾಯಿತು. ಗಾರ್ಡನ್ನು ಬದಲಾಯಿಸಿದ ಮೇಲೆ ಬೆರಳುಗಳನ್ನು ಹೊಸದಾಗಿ ಪರಿಚಯ ಮಾಡಿಸುವುದು ಒಳ್ಳೆಯದು. ಆದರೆ ಹಾಗೆ ಮಾಡಿದೊಡನೆ ಕರಡಿಗೆಯ ಕೈ ನಾಶವಾಗುವುದೆಂಬುದನ್ನು ಮರೆಯಬಾರದು. ಹಿರಿಯ ಪಾಸ್‌ವರ್ಡು ಕೈಯಲ್ಲಿಲ್ಲದಿದ್ದರೆ ಅಂಗಡಿಯವನ ಮಾತಿಗೆ ಬೆರಳು ಬದಲಾಯಿಸಬೇಡಿರಿ.

ಫೋನು ಮುಖ ನೋಡಿ ತೆರೆಯುವುದು, ಪೆಟ್ಟಿಗೆ ಮಾತ್ರ ಮುಖವನ್ನು ಲೆಕ್ಕಿಸದು ಎಂದು ದೂರುವವರೂ ಉಂಟು. ಅನೇಕ ಆಂಡ್ರಾಯ್ಡ್ ಫೋನುಗಳು ಸಾಮಾನ್ಯ ಕ್ಯಾಮರಾದಿಂದ ಮುಖವನ್ನು ನೋಡುವುವು. ಭಾವಚಿತ್ರ ತೋರಿಸಿ ಕೆಲವನ್ನು ಮೋಸಗೊಳಿಸಬಹುದು. ಆಂಡ್ರಾಯ್ಡಿನವರು ಗುರುತಿನ ಸಾಧನಗಳನ್ನು ಮೂರು ತರಗತಿಗಳಾಗಿ ವಿಂಗಡಿಸಿ, ಮೂರನೆಯದಾದ ಗಟ್ಟಿ ತರಗತಿಯದಕ್ಕೆ ಮಾತ್ರ ಭಂಡಾರಿಯ ಕರಡಿಗೆಯನ್ನು ತೆರೆಸುವ ಅಧಿಕಾರ ಕೊಟ್ಟಿರುವರು. ಅಂತಹ ಫೋನುಳ್ಳವರು ಬೆರಳನ್ನೇ ಬಳಸಬೇಕು. ಐಫೋನಿನಲ್ಲಿ 2017ರಲ್ಲಿ ಬಂದ ಮುಖದ ಗುರುತು ಬೇರೆ ಬಗೆಯದು. ಕಣ್ಣಿಗೆ ಕಾಣದ ಬೆಳಕಿನ ಚುಕ್ಕೆಗಳಿಂದ ಮುಖದ ಉಬ್ಬುತಗ್ಗುಗಳನ್ನು ಅಳೆಯುವುದು.

ರಿಪೇರಿಯ ವಿಷಯ. ಒಳಗಿನ ಮುಖ್ಯ ಹಲಗೆಯನ್ನು, ಅಂದರೆ ಮದರ್‌ಬೋರ್ಡನ್ನು, ಬದಲಾಯಿಸಿದರೆ ಹಳೆಯ ಭಂಡಾರಿಯೂ ಅದರೊಂದಿಗೆ ಹೋದನೆಂದೇ ತಿಳಿಯಬೇಕು. ಹೊಸ ಫೋನಿಗೆ ಎಲ್ಲವನ್ನೂ ಸಾಗಿಸಿದಾಗಲೂ ಆ್ಯಪು ಬರುವುದು, ಭಂಡಾರಿಯ ಸೊಂಟದ ಕೈ ಬರಲಾರದು. ಅದು ಚಿಪ್ಪನ್ನು ಬಿಟ್ಟು ಹೊರಡಬಾರದೆಂಬುದೇ ಅದರ ನಿಯಮ. ಬೆರಳಿನ ಗುಂಡಿಯೊಂದನ್ನೇ ಬದಲಾಯಿಸಿದರೂ ಐಫೋನು ಅದನ್ನು ಪರಕೀಯನೆಂದು ಕಾಣುವುದು. ಗುಂಡಿಗೂ ಚಿಪ್ಪಿಗೂ ಕಾರ್ಖಾನೆಯಲ್ಲಿಯೇ ಗಂಟು ಹಾಕಿರುವರು. ಹೊರಗಿನ ಅಂಗಡಿಗಳಲ್ಲಿ ಗುಂಡಿ ಬದಲಾಯಿಸಿಕೊಂಡ ಐಫೋನುಗಳು ‘ಎರರ್ 53’ ಎಂದು ತೋರಿಸಿ ಸತ್ತಂತಾದುದು 2016ರಲ್ಲಿ ದೊಡ್ಡ ಗದ್ದಲವಾಯಿತು. ಕಂಪೆನಿಯವರು ಕ್ಷಮೆ ಕೇಳಿ, ಫೋನುಗಳು ಮತ್ತೆ ಏಳುವಂತೆ ತಂತ್ರಾಂಶವನ್ನು ತಿದ್ದಿದರು. ಬದಲಾದ ಗುಂಡಿಗೆ ಬೆರಳನ್ನೋದುವ ಅಧಿಕಾರ ಮಾತ್ರ ಬರಲಿಲ್ಲ.

ಕಂಪ್ಯೂಟರಿನಲ್ಲಿ ಕಾರಣಗಳು ಕೆಲವು ವೇಳೆ ನಗೆ ತರುವಷ್ಟು ಸರಳವಾಗಿರುವುವು. ಮ್ಯಾಕ್‌ಬುಕ್ಕಿನ ಮುಚ್ಚಳವನ್ನು ಮುಚ್ಚಿ ಬೇರೆ ತೆರೆಗೆ ಜೋಡಿಸಿಕೊಂಡು ಕೆಲಸ ಮಾಡುವವರು ಬೆರಳಿನ ಗುಂಡಿ ಮುಚ್ಚಳದೊಳಗೇ ಉಳಿದಿದೆಯೆಂಬುದನ್ನು ಮರೆತಿರುವರು. ಇನ್ನು ಕೆಲವು ಆ್ಯಪ್‌ಗಳಲ್ಲಿ ಬ್ರೌಸರಿನೊಳಗಿನ ತುಣುಕು ತಾನಾಗಿ ಬೆರಳನ್ನು ಕೇಳಲಾರದು. ಅದೇ ಆ್ಯಪಿನ ದೊಡ್ಡ ರೂಪವೂ ಕಂಪ್ಯೂಟರಿನಲ್ಲಿದ್ದು, ತೆರೆದಿದ್ದು, ಇವೆರಡನ್ನೂ ಸೆಟ್ಟಿಂಗ್ಸಿನಲ್ಲಿ ಜೋಡಿಸಿರಬೇಕು. ಟಿ.ಪಿ.ಎಂ. ಚಿಪ್ಪನ್ನು ‘ಕ್ಲಿಯರ್’ ಮಾಡಿರೆಂದು ಯಾರಾದರೂ ಸಲಹೆ ಕೊಟ್ಟರೆ ಅವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿರಿ. ಭಂಡಾರಿಯಲ್ಲಿರುವ ಎಲ್ಲ ಕೈಗಳನ್ನೂ ಸುಟ್ಟುಹಾಕೆಂದು ಹೇಳಿದಂತೆ ಅದು.

ಅಂಗಡಿಯ ಹುಡುಗನ ಸಲಹೆಯೂ ಇದೇ ಜಾತಿಯದು. ಆ್ಯಪನ್ನು ತೆಗೆದು ಮತ್ತೆ ಹಾಕಿದರೆ ಅದು ಮೊದಲು ಕೇಳುವುದು ಹಿರಿಯ ಪಾಸ್‌ವರ್ಡನ್ನೇ. ಪೆಟ್ಟಿಗೆಯನ್ನು ಫೋನಿನಲ್ಲಿಯೇ ಇಟ್ಟುಕೊಳ್ಳುವ ಬಗೆಯ ಆ್ಯಪುಗಳಾದರೆ ಪೆಟ್ಟಿಗೆಯೇ ಅಳಿದುಹೋಗಬಹುದು. ಕಂಪೆನಿಗೆ ಬರೆದು ಕೇಳಬಾರದೇಕೆ ಎಂದರೆ, ಒಳ್ಳೆಯ ಆ್ಯಪುಗಳ ಕಂಪೆನಿಗಳಿಗೆ ನಿಮ್ಮ ಹಿರಿಯ ಪಾಸ್‌ವರ್ಡು ಗೊತ್ತಿರುವುದೇ ಇಲ್ಲ. ಅವರಿಗೆ ಗೊತ್ತಿದ್ದರೆ ಅವರ ನೌಕರನಿಗೂ, ಅವರ ಮನೆಗೆ ನುಗ್ಗಿದ ಕಳ್ಳನಿಗೂ ಗೊತ್ತಾಗುತ್ತಿತ್ತು.

ಶನಿವಾರ ಬೆಳಗ್ಗೆ ಹಳ್ಳಿಯನ್ನು ಮುಟ್ಟಿದೆವು. ಮಾವನವರು ಜಗುಲಿಯಲ್ಲಿ ಕುಳಿತು ಹಳೆಯ ಡೈರಿಗಳನ್ನು ತಿರುವಿಹಾಕುತ್ತಿದ್ದರು, ಮುಖದಲ್ಲಿ ಕಳೆಯಿರಲಿಲ್ಲ. ಪರೀಕ್ಷೆಯಲ್ಲಿ ಮಕ್ಕಳಿಗೆ ಸೂತ್ರಗಳನ್ನು ಬಾಯಿಪಾಠ ಹೇಳಿಸಿದ ತಮಗೆ ಒಂದು ಸಾಲು ನೆನಪಿಲ್ಲವಲ್ಲ ಎಂಬುದೇ ಅವರಿಗೆ ಹಣಕ್ಕಿಂತ ಹೆಚ್ಚಿನ ಕೊರಗಾಗಿತ್ತು. ನಾವು ಕೇಳಿದ ಮೊದಲ ಮಾತು, “ಮಾವ, ಈ ಪೆಟ್ಟಿಗೆ ಬೇರೆ ಯಾವುದರಲ್ಲಾದರೂ ಇದೆಯೆ?” ಎಂಬುದು.

ಅವರು ಸ್ವಲ್ಪ ಯೋಚಿಸಿ, “ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟಿದ್ದ. ಅದರಲ್ಲಿ ನಾನು ಚದುರಂಗ ಆಡುವುದಷ್ಟೆ. ಮುಚ್ಚಿಟ್ಟು ವಾರವಾಯಿತು,” ಎಂದರು.

ಒಂದೊಂದು ಯಂತ್ರದಲ್ಲಿಯೂ ಭಂಡಾರಿಯು ಬೇರೆ. ಫೋನಿನಲ್ಲಿ ಸೇರಿದ ಬೆರಳಿನ ಸುದ್ದಿ ಲ್ಯಾಪ್‌ಟಾಪಿನ ಭಂಡಾರಿಗೆ ತಲಪಿರಲಾರದು. ಅಲ್ಲಿ ಮಾವನವರ ಬೆರಳಿಗೆ ಹಳೆಯ ಮನ್ನಣೆಯೇ ಉಳಿದಿರಬೇಕು. ಆದರೆ ಒಂದು ಭಯವಿದ್ದಿತು. ವಿಂಡೋಸಿನ ಇಂತಹ ಕೆಲವು ಆ್ಯಪುಗಳನ್ನು, ಒಮ್ಮೆ ಮುಚ್ಚಿ ತೆರೆದರೆ ಮೊದಲ ಸಲ ಹಿರಿಯ ಪಾಸ್‌ವರ್ಡನ್ನೇ ಕೇಳುವಂತೆ ಅಣಿಮಾಡಿರುವರು. ಲ್ಯಾಪ್‌ಟಾಪು ಆರಿದ್ದರೆ ಕೆಲಸ ಕೆಟ್ಟಿತು. ಮಲಗಿದ್ದರೆ ಮಾತ್ರ ಆಸೆಯುಂಟು. ನಾವು ಅದನ್ನು ಮುಟ್ಟುವ ಮೊದಲೇ ಬಳ್ಳಿಯನ್ನು ಹುಡುಕಿಸಿ ಕರೆಂಟಿಗೆ ಚುಚ್ಚಿದೆವು. ಮುಚ್ಚಳವನ್ನೆತ್ತಿದಾಗ ತೆರೆ ಬೆಳಗಿತು. ಬ್ಯಾಟರಿಯಲ್ಲಿ 9 ಅಂಶ ಉಳಿದಿತ್ತು. ಬೆಳಗಿದ ತೆರೆಯ ಮೂಲೆಯಲ್ಲಿ, ಅಪ್‌ಡೇಟ್ ಸಿದ್ಧವಾಗಿದೆ, ಯಂತ್ರವನ್ನು ಆರಿಸಿ ಹೊತ್ತಿಸಬೇಕು ಎಂಬ ಸೂಚನೆ ನಿಂತಿತ್ತು. ಅದನ್ನು ಒಂದು ವಾರ ಮುಂದಕ್ಕೆ ತಳ್ಳಿದೆವು. ಆಮೇಲೆ ಮಾವನವರು ಕೈಯನ್ನು ಧೋತರಕ್ಕೆ ಒರೆಸಿಕೊಂಡು ಬೆರಳಿಟ್ಟರು. ಲ್ಯಾಪ್‌ಟಾಪು ತೆರೆಯಿತು. ಪೆಟ್ಟಿಗೆಯನ್ನು ಒತ್ತಿ ಎರಡನೆಯ ಸಲ ಬೆರಳಿಟ್ಟರು. ಅದೂ ತೆರೆಯಿತು. ಅತ್ತೆಯವರು ಒಳಗೆ ಹೋಗಿ ದೇವರಿಗೆ ಒಂದು ತುಪ್ಪದ ದೀಪವನ್ನು ಹಚ್ಚಿ ಬಂದರು.

ಎಲ್ಲವನ್ನೂ ಒಟ್ಟಿಗೆ ಹೊರತೆಗೆಯುವ ಅನುಕೂಲವು ಆ್ಯಪಿನಲ್ಲಿದ್ದರೂ ಅದಕ್ಕೆ ಮತ್ತೆ ಹಿರಿಯ ಪಾಸ್‌ವರ್ಡು ಬೇಕಾಗಿದ್ದಿತು. ಆದುದರಿಂದ ಒಂದೊಂದನ್ನೇ ತೆರೆದು ನಾವು ಓದಿದೆವು. ಮಾವನವರು ಹಳೆಯ ಉತ್ತರಪತ್ರಿಕೆಗಳ ಪುಸ್ತಕದಲ್ಲಿ ಮುತ್ತಿನಂತಹ ಅಕ್ಷರಗಳಿಂದ ಬರೆದುಕೊಂಡರು. ಒಟ್ಟು 41 ಇದ್ದುವು. ಊಟದ ಹೊತ್ತಿಗೂ ಏಳಲಿಲ್ಲ. ಎದ್ದಾಗ ಪೆಟ್ಟಿಗೆ ತಾನೇ ಬೀಗ ಹಾಕಿಕೊಂಡು ಮತ್ತೆ ತೆರೆಯದಿದ್ದರೆ ಏನು ಗತಿ? ಮಧ್ಯಾಹ್ನ ಮೂರು ಗಂಟೆಗೆ ಮುಗಿಯಿತು.

ಅನಂತರ ಹೊಸ ಖಾತೆಯೊಂದನ್ನು ತೆರೆದು, ಹೊಸ ಹಿರಿಯ ಪಾಸ್‌ವರ್ಡನ್ನು ಮಾಡಿದೆವು. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದರ ಪಕ್ಕದಲ್ಲೊಂದು ಬರೆದರೆ ಸಾಕಷ್ಟು ಉದ್ದವೂ ಆಗುವುದು, ನೆನಪಿನಲ್ಲಿಯೂ ನಿಲ್ಲುವುದು. ಮನೆಯವರ ಹೆಸರು, ಹುಟ್ಟಿದ ದಿನ, ಗಾದೆ, ಪದ್ಯದ ಸಾಲು ಇವು ಬೇಡ. ಬರೆದಿಡಬಾರದೆಂಬ ಮಗನ ಸಲಹೆಯನ್ನು ನಾವು ಒಪ್ಪಲಿಲ್ಲ. ಕಚೇರಿಯ ಮೇಜಿನ ಮೇಲೆ ಅಂಟಿಸಿಡಬಾರದೆಂಬುದು ನಿಜ. ಆದರೆ ಗೃಹಸ್ಥನ ಮನೆಯ ಬೀರುವಿಗೆ ನುಗ್ಗುವ ಕಳ್ಳನಿಗಿಂತ ಮರೆವೆಂಬ ಕಳ್ಳನು ಹೆಚ್ಚು ಸಲ ಬರುವನು. ವನ್‌ಪಾಸ್‌ವರ್ಡ್ ಎಂಬ ಆ್ಯಪಿನವರು ತಾವೇ ಒಂದು ಕಾಗದವನ್ನು ಕೊಟ್ಟು, ಅಚ್ಚುಹಾಕಿಸಿ ಪಾಸ್‌ವರ್ಡನ್ನು ಬರೆದು ಭದ್ರವಾಗಿಡಿರೆಂದು ಹೇಳುವರು. ಬಿಟ್‌ವಾರ್ಡನ್ ಎಂಬುದರಲ್ಲಿ ಹಣ ಕೊಟ್ಟು ಬಳಸುವವರು ನಂಬಿಕೆಯ ಒಬ್ಬರನ್ನು ಮೊದಲೇ ನೇಮಿಸಿದರೆ, ಆಪತ್ಕಾಲದಲ್ಲಿ ಅವರು ಕೇಳಿಕೊಂಡು, ಯಜಮಾನನು ಗೊತ್ತಾದ ದಿನಗಳೊಳಗೆ ಬೇಡವೆನ್ನದಿದ್ದರೆ, ಪೆಟ್ಟಿಗೆಯನ್ನು ನೋಡಬಹುದು. ಹೆಂಡತಿಯ ಬೆರಳನ್ನು ಫೋನಿಗೆ ಸೇರಿಸುವುದಕ್ಕಿಂತ ಇದು ಕ್ರಮವಾದ ದಾರಿ.

ಮಾವನವರು ಇದಕ್ಕೆ ಒಪ್ಪಲಿಲ್ಲ. “ಐವತ್ತು ವರ್ಷ ಸಂಸಾರ ಮಾಡಿದವಳಿಗೆ ಅರ್ಜಿ ಬರೆದುಕೋ ಎನ್ನಲೇ?” ಎಂದು ಅತ್ತೆಯವರ ಹೆಬ್ಬೆರಳನ್ನು ಫೋನಿನಲ್ಲಿ ಹಾಗೆಯೇ ಉಳಿಸಿ, ಅದರ ಮೇಲೆ ಪೆಟ್ಟಿಗೆಯ ಬೆರಳಿನ ಅನುಕೂಲವನ್ನು ಹೊಸದಾಗಿ ಹೊತ್ತಿಸಿದರು. ಇನ್ನು ಮುಂದೆ ತಿಂಗಳಿಗೊಮ್ಮೆ, ಪಿಂಚಣಿ ಬಂದ ದಿನ, ಬೆರಳನ್ನು ಬಿಟ್ಟು ಹಿರಿಯ ಪಾಸ್‌ವರ್ಡನ್ನೇ ಬರೆದು ಪೆಟ್ಟಿಗೆ ತೆರೆಯಬೇಕೆಂದು ಮಾತ್ರ ಅವರಿಂದ ಮಾತು ತೆಗೆದುಕೊಂಡೆವು. ಇದುವರೆಗೆ ತಪ್ಪಿಲ್ಲವೆಂದು ಅತ್ತೆಯವರು ಹೇಳುವರು.

ಸೋಮವಾರ ಶಸ್ತ್ರಚಿಕಿತ್ಸೆಯು ನಿರ್ವಿಘ್ನವಾಗಿ ನಡೆಯಿತು. ವಿಮೆಯ ಸಂಖ್ಯೆಯನ್ನು ಆಸ್ಪತ್ರೆಯ ಕಿಟಕಿಯಲ್ಲಿ ಕೇಳಿದಾಗ ಅತ್ತೆಯವರು ಕನ್ನಡಕವನ್ನು ಹಾಕಿಕೊಂಡು ಫೋನಿನ ಮೇಲೆ ಹೆಬ್ಬೆಟ್ಟನ್ನೊತ್ತಿ, ಪೆಟ್ಟಿಗೆಯ ಮೇಲೆ ಇನ್ನೊಮ್ಮೆ ಒತ್ತಿ, ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು. ಉತ್ತರಪತ್ರಿಕೆಯ ಆ ಪುಸ್ತಕವನ್ನು ಬಚ್ಚಲೊಲೆಗೆ ಹಾಕಿಯಾಯಿತು. ಐದು ಪದಗಳ ಕಾಗದವು ಮನೆಯಲ್ಲಿಯೇ ಇದೆ. ಎಲ್ಲಿದೆಯೆಂಬುದು ಅವರಿಬ್ಬರಿಗೆ ಗೊತ್ತು, ಪುಣೆಯಲ್ಲಿರುವ ಮಗನಿಗೆ ಗೊತ್ತು. ನಮಗೂ ಹೇಳಬೇಕೆಂದಿದ್ದರು, ಬೇಡವೆಂದೆವು.